ಒಂದು ಹಿಡಿ, ಐದು ತಲೆ: ಬಿಡಿಸಿ ಜೋಡಿಸುವ ಸಟ್ಟುಗ ಕಾಸರಗೋಡಿನ ಅಡುಗೆಮನೆಗೆ ಒಗ್ಗುತ್ತದೆಯೇ?

ಪೆಟ್ಟಿಗೆಯೊಳಗೆ ಹಿಡಿ ಒಂದು, ತಲೆ ಐದು. ದೋಸೆ ಮಗುಚುವ ಸಟ್ಟುಗ, ಎಣ್ಣೆಯಿಂದ ಎತ್ತುವ ಜಾಲರಿ ಸೌಟು, ತಂತಿಯ ಕಡೆಗೋಲು, ಕಾಯಿ ಹೆರೆಯುವ (ತುರಿಯುವ) ಹಲ್ಲಿನ ನಾಲಗೆ, ಸಿಪ್ಪೆ ತೆಗೆಯುವ ಅಲಗು. ಹಿಡಿಯ ಕತ್ತಿನಲ್ಲಿರುವ ಗುಂಡಿ ಒತ್ತಿದರೆ ತಲೆ ಕಳಚಿ ಬರುತ್ತದೆ, ಇನ್ನೊಂದನ್ನು ತೂರಿಸಿದರೆ ‘ಟಿಕ್’ ಎಂದು ಕೂರುತ್ತದೆ. ಕಾಸರಗೋಡು ಪೇಟೆಯ ಪಾತ್ರೆ ಅಂಗಡಿಯಲ್ಲೂ ಸಿಗುತ್ತದೆ, ಫೋನಿನಲ್ಲಿ ತರಿಸಿದರೆ ಬದಿಯಡ್ಕ, ಪೆರ್ಲದ ತನಕವೂ ಬರುತ್ತದೆ. ಪೆಟ್ಟಿಗೆಯ ಮೇಲಿನ ಹೆಸರು ನಾಲ್ಕಾರು, ಒಳಗಿನ ಅಚ್ಚು ಒಂದೇ. ಹಾಗಾಗಿ ಇಲ್ಲಿ ಹೆಸರು ಹೇಳುವ ಅಗತ್ಯ ಕಾಣಲಿಲ್ಲ. ಬೆಲೆ 700ರಿಂದ 900 ರೂಪಾಯಿ. ಬಳಸುವ ಕ್ರಮದ ಚೀಟಿ ಇಂಗ್ಲಿಷ್, ಹಿಂದಿ, ಮಲಯಾಳದಲ್ಲಿದೆ, ಕನ್ನಡದಲ್ಲಿಲ್ಲ. ಇಲ್ಲಿನವರಿಗೆ ಅದೇನೂ ಹೊಸತಲ್ಲ ಬಿಡಿ. ಚೀಟಿಯಲ್ಲಿ ‘ಚಟ್ಟುಕಂ’ ಎಂದಿರುವುದು ನಮ್ಮ ಸಟ್ಟುಗವೇ, ‘ಚಿರವ’ ಎಂದಿರುವುದು ಹೆರೆಮಣೆ.

ತೀರ್ಪು ಮೊದಲೇ ಬೇಕಾದವರಿಗೆ: ಐದರಲ್ಲಿ ಎರಡು ತಲೆ ಒಳ್ಳೆಯವು, ಒಂದು ಸುಮಾರು, ಉಳಿದೆರಡು ಪೆಟ್ಟಿಗೆಯಲ್ಲೇ ಕೂರುವಂಥವು. ತಲೆಗಳ ತಯಾರಿ ಕೆಟ್ಟದ್ದೆಂದಲ್ಲ. ಐದಕ್ಕೂ ಒಂದೇ ಹಿಡಿ ಸಾಕು ಎಂದುಕೊಂಡಲ್ಲೇ ಲೆಕ್ಕ ತಪ್ಪಿದೆ.

ಮುಷ್ಟಿ ಬೇರೆ, ಬೆರಳು ಬೇರೆ

ಅಡುಗೆಮನೆಯಲ್ಲಿ ಕೈ ಎರಡು ಬಗೆಯಲ್ಲಿ ಹಿಡಿಯುತ್ತದೆ. ಭಾರ ಎತ್ತುವಾಗ, ಒತ್ತುವಾಗ, ಕೆರೆಯುವಾಗ ಇಡೀ ಮುಷ್ಟಿ ಬಿಗಿಯುತ್ತದೆ. ಬಲ ಮುಂಗೈಯಿಂದ ಬರುತ್ತದೆ. ಸಿಪ್ಪೆ ತೆಗೆಯುವಾಗ, ಮಜ್ಜಿಗೆ ಕಡೆಯುವಾಗ, ದೋಸೆಯ ಅಂಚು ಬಿಡಿಸುವಾಗ ಬೆರಳುಗಳು ನಡೆಸುತ್ತವೆ. ಬಲ ಕಡಿಮೆ, ಹದ ಹೆಚ್ಚು. ಮುಷ್ಟಿಯ ಕೆಲಸಕ್ಕೆ ಹಿಡಿಯ ದಪ್ಪ ಸುಮಾರು 30ರಿಂದ 40 ಮಿಲಿಮೀಟರ್ ಇರಬೇಕು. ಬೆರಳಿನ ಕೆಲಸಕ್ಕೆ 8ರಿಂದ 16 ಮಿಲಿಮೀಟರ್, ಹೆಚ್ಚುಕಡಿಮೆ ಪೆನ್ನಿನ ದಪ್ಪ, ಸಾಕು. ಕೈಸಾಧನಗಳ ವಿನ್ಯಾಸ ಮಾಡುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ ಇದು. ಎರಡರ ನಡುವೆ ಒಂದು ಅಳತೆ ಹಿಡಿದರೆ ಎರಡಕ್ಕೂ ಆಗುತ್ತದೆ ಎಂದು ಅನ್ನಿಸಬಹುದು. ಹಾಗೆ ಮಾಡಿದರೆ ಒಂದಕ್ಕೂ ಸರಿಯಾಗುವುದಿಲ್ಲ.

ಈ ಹಿಡಿ ಮುಷ್ಟಿಯ ಪಕ್ಷ. ಉದ್ದ 128 ಮಿ.ಮೀ., ದಪ್ಪ ಒಂದು ಕಡೆಗೆ 34, ಇನ್ನೊಂದು ಕಡೆಗೆ 27, ತೂಕ 115 ಗ್ರಾಂ. ಅಂಗೈಯ ಅಗಲ ದಾಟಿ ಹಿಂದೆ ಒಂದೆರಡು ಬೆರಳು ಉಳಿಯುವಷ್ಟು ಉದ್ದ ಇರುವುದು ಒಳ್ಳೆಯದೇ. ಹಿಡಿ ಗಿಡ್ಡವಾದರೆ ಅದರ ಬುಡ ಅಂಗೈಯ ನಡುವಿಗೇ ಒತ್ತುತ್ತದೆ. ಅಂಡಾಕಾರವನ್ನೂ ಮೆಚ್ಚಬೇಕು. ಉರುಟು ಹಿಡಿಯಲ್ಲಿ ದೋಸೆ ಸಟ್ಟುಗದ ಒಂದು ಬದಿಗೆ ವಾಲಿದರೆ ಹಿಡಿ ಅಂಗೈಯೊಳಗೆ ತಿರುಗಿಬಿಡುತ್ತದೆ, ತಡೆಯಲು ಬೆರಳು ಬಿಗಿಯಬೇಕಾಗುತ್ತದೆ. ಅಂಡಾಕಾರ ತಾನೇ ತಡೆಯುತ್ತದೆ. ನೋಡದೆಯೂ ಅಲಗಿನ ಮೋರೆ ಯಾವ ಕಡೆ ಎಂದು ಕೈಗೆ ಗೊತ್ತಾಗುತ್ತದೆ. ಮೇಲ್ಭಾಗದಲ್ಲಿ ಹೆಬ್ಬೆರಳು ಕೂರಲು ಸ್ವಲ್ಪ ಚಪ್ಪಟೆ ಮಾಡಿದ್ದಾರೆ. ಮುಷ್ಟಿಯ ಹಿಡಿಯನ್ನು ಅರ್ಧ ಬೆರಳಿನ ಹಿಡಿಯಾಗಿ ಮಾಡುವುದು ಇದೊಂದೇ ಉಪಾಯ, ಸಟ್ಟುಗದ ಮಟ್ಟಿಗೆ ಅದು ಫಲಿಸಿದೆ.

ನಿಮ್ಮ ಕೈಗೆ ಹೊಂದುತ್ತದೋ ಎಂದು ನೋಡಲು ಅಳತೆಪಟ್ಟಿ ಬೇಡ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ನಡುಬೆರಳಿನ ತುದಿ ಹೆಬ್ಬೆರಳಿನ ತುದಿಗೆ ತಾಗಬೇಕು, ಅಥವಾ ತುಸು ಮೇಲೆ ಹತ್ತಬೇಕು. ತಾಗದೆ ಒಂದು ಬೆರಳಿನಷ್ಟು ತೆರವು ಉಳಿದರೆ ಹಿಡಿ ನಿಮಗೆ ದಪ್ಪ. ನಡುಬೆರಳು ಅಂಗೈಗೆ ಚುಚ್ಚಿದರೆ ಸಪೂರ.

ಮೆತ್ತನೆಯ ದಪ್ಪ ಹಿಡಿಯ ಫ್ಯಾಶನ್ ಬಂದದ್ದು ಅಮೆರಿಕದ ಆಕ್ಸೋ ಕಂಪನಿಯ ಸಿಪ್ಪೆ ತೆಗೆಯುವ ಅಲಗಿನಿಂದ. ಆ ಕಂಪನಿ ಕಟ್ಟಿದ ಸ್ಯಾಮ್ ಫಾರ್ಬರ್ ಎಂಬವರ ಹೆಂಡತಿ ಬೆಟ್ಸಿಗೆ ಕೈಗಂಟಿನ ನೋವು. ಸಪೂರ ಲೋಹದ ಹಿಡಿಯಲ್ಲಿ ಸಿಪ್ಪೆ ತೆಗೆಯಲು ಕಷ್ಟವಾಗುತ್ತಿತ್ತು. ಅದನ್ನು ಕಂಡು ದಪ್ಪ, ಮೆತ್ತನೆಯ, ಹೆಬ್ಬೆರಳಿನ ಜಾಗದಲ್ಲಿ ರಬ್ಬರಿನ ಎಸಳುಗಳಿರುವ ಹಿಡಿಯನ್ನು 1990ರಲ್ಲಿ ಮಾರುಕಟ್ಟೆಗೆ ತಂದರು. ಈಗ ಅಗ್ಗದ ಪೆಟ್ಟಿಗೆಗಳಲ್ಲಿ ಕಾಣುವ ಕಪ್ಪು ಮೆತ್ತನೆ ಹಿಡಿಗಳೆಲ್ಲ ಅದರ ದೂರದ ನೆಂಟರು. ನಕಲು ಮಾಡುವವರು ದಪ್ಪವನ್ನು ತೆಗೆದುಕೊಂಡರು, ಅಲಗು ಮುಷ್ಟಿಯ ಹತ್ತಿರವೇ ಇತ್ತು ಎಂಬುದನ್ನು ಮರೆತರು. ನಮ್ಮ ಪೆಟ್ಟಿಗೆಯ ಸಿಪ್ಪೆ ಅಲಗು ಹೆಬ್ಬೆರಳಿನಿಂದ ಹನ್ನೊಂದು ಸೆಂಟಿಮೀಟರ್ ಆಚೆ ಇದೆ. ಅಷ್ಟು ದೂರದಲ್ಲಿ ಬೆರಳಿನ ಹದ ತಲುಪುವುದಿಲ್ಲ. ನೇಂದ್ರ ಬಾಳೆಕಾಯಿಯ ಏಣಿನ ಮೇಲೆ ಅಲಗು ಹಾರಿ ತಿರುಳಿನೊಳಗೆ ಇಳಿಯುತ್ತದೆ. ಆ ತಲೆಯ ವಿಚಾರ ಇಲ್ಲಿಗೇ ಮುಗಿಯಿತು.

ಸಟ್ಟುಗ

ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಯೋಚಿಸಿ ಮಾಡಿದ ತಲೆ ಇದು. ಅಗಲ 90 ಮಿ.ಮೀ., ಉದ್ದ 95, ತಗಡು ಬುಡದಲ್ಲಿ 1.2 ಮಿ.ಮೀ., ಅಂಚಿಗೆ ಬರುವಾಗ 0.7ಕ್ಕೆ ಇಳಿಯುತ್ತದೆ. ನೀರುದೋಸೆಯನ್ನು ಯಾರೂ ಮಗುಚುವುದಿಲ್ಲ, ಮುಚ್ಚಿ ಬೇಯಿಸಿ ಮಡಚಿ ತೆಗೆಯುವುದು. ಹಾಗಾಗಿ ಅಲ್ಲಿ ಬೇಕಾದದ್ದು ಬಲವಲ್ಲ, ಅಂಚಿನ ತೆಳುವು. ಒಂದು ಮಿಲಿಮೀಟರಿಗಿಂತ ದಪ್ಪದ ಅಂಚು ಎಳಸಾದ ನೀರುದೋಸೆಯ ಅಡಿಗೆ ಹೋಗುವ ಬದಲು ಅದನ್ನು ಮುಂದಕ್ಕೆ ದೂಡಿ ಮುದ್ದೆ ಮಾಡುತ್ತದೆ. ಈ ಅಂಚು ಅಡಿಗೆ ಹೋಗುತ್ತದೆ. ಉದ್ದಿನ ದೋಸೆಗೂ ಅಕ್ಕಿರೊಟ್ಟಿಗೂ ಯಾವ ತಕರಾರಿಲ್ಲ.

ಮೂಲೆ ಮಾತ್ರ ಚೂಪು. ಬೀಡಿನ (ಎರಕದ ಕಬ್ಬಿಣದ) ಕಾವಲಿ ಇರುವ ಮನೆಯಲ್ಲಿ ಈ ಮೂಲೆ ವರ್ಷಗಳಿಂದ ಎಣ್ಣೆ ಕುಡಿದು ಪಳಗಿದ ಪದರವನ್ನು ಗೀರುತ್ತದೆ. ಮರುದಿನ ಅದೇ ಗೀರಿನಲ್ಲಿ ದೋಸೆ ಹಿಡಿಯುತ್ತದೆ. ಬಳಸುವ ಮೊದಲು ಸಣ್ಣ ಅರದಿಂದ ಎರಡೂ ಮೂಲೆಗಳನ್ನು 3 ಮಿ.ಮೀ.ನಷ್ಟು ಉರುಟು ಮಾಡಿ. ಆಮೇಲೆ 400ನೇ ನಂಬರಿನ ಉಜ್ಜುಕಾಗದವನ್ನು ನೀರಲ್ಲಿ ಅದ್ದಿ ಮರದ ತುಂಡಿಗೆ ಸುತ್ತಿ, ಅಂಚಿನ ಉದ್ದಕ್ಕೆ ಹತ್ತು ಹದಿನೈದು ಸಲ ಎಳೆಯಿರಿ. ಉಗುರು ಅಂಚಿನ ಮೇಲೆ ಅಡ್ಡ ಎಳೆದಾಗ ಎಲ್ಲೂ ಸಿಕ್ಕಬಾರದು. ಅಂಚನ್ನು ಹರಿತ ಮಾಡುವುದು ಉದ್ದೇಶವಲ್ಲ, ತಗಡು ಕತ್ತರಿಸಿದಾಗ ಉಳಿದ ಗರಗಸದಂಥ ಗರಿ ಹೋದರೆ ಸಾಕು. ನಾನ್‌ಸ್ಟಿಕ್ ಕಾವಲಿಗೆ ಇಷ್ಟೆಲ್ಲ ಮಾಡಿದರೂ ಈ ಸಟ್ಟುಗ ಬೇಡ. ಅದಕ್ಕೆ ಮರದ್ದು ಅಥವಾ ಸಿಲಿಕೋನಿನದು.

ಅಲಗಿಗೂ ಹಿಡಿಗೂ ನಡುವೆ ಸುಮಾರು 20 ಡಿಗ್ರಿ ಓರೆ ಕೊಟ್ಟಿದ್ದಾರೆ. ಇದು ಅಂದಕ್ಕಲ್ಲ. ಈಗಿನ ಅಡುಗೆ ಕಟ್ಟೆ ನೆಲದಿಂದ 80-85 ಸೆಂ.ಮೀ. ಎತ್ತರ, ಅದರ ಮೇಲೆ ಗ್ಯಾಸ್ ಒಲೆ, ಅದರ ಮೇಲೆ ಕಾವಲಿ ಎಂದರೆ ದೋಸೆ ಬೇಯುವ ಮಟ್ಟ 95 ಸೆಂ.ಮೀ. ಆಸುಪಾಸು. ಐದಡಿ ಎತ್ತರದ ಹೆಂಗಸು ನಿಂತಾಗ ಅವರ ಮೊಣಕೈಯೂ ಸುಮಾರು ಅಲ್ಲೇ ಬರುತ್ತದೆ. ನೆಟ್ಟನೆಯ ಸಟ್ಟುಗವಾದರೆ ಅಲಗನ್ನು ಚಪ್ಪಟೆಯಾಗಿ ದೋಸೆಯಡಿಗೆ ತೂರಿಸಲು ಭುಜ ಎತ್ತಬೇಕು ಅಥವಾ ಮಣಿಕಟ್ಟು ಮಡಚಬೇಕು. ಐದು ದೋಸೆಗೆ ತೊಂದರೆ ಇಲ್ಲ, ಐವತ್ತಕ್ಕೆ ರಾತ್ರಿ ನೋವು ಬರುತ್ತದೆ. ಓರೆ ಇದ್ದರೆ ಮಣಿಕಟ್ಟು ನೆಟ್ಟಗೇ ಉಳಿದು ಅಲಗು ತಾನಾಗಿ ಚಪ್ಪಟೆ ಬೀಳುತ್ತದೆ. ನೆಲದ ಸೌದೆ ಒಲೆಯ ಮುಂದೆ ಮಣೆ ಹಾಕಿ ಕೂರುವವರಿಗೆ ಲೆಕ್ಕವೇ ಬೇರೆ: ಕೈ ಮೇಲಿನಿಂದ ಕೆಳಕ್ಕೆ ಬರುವುದರಿಂದ ಓರೆ ಇನ್ನೂ ಹೆಚ್ಚು ಬೇಕು, ಬೆಂಕಿಯ ಝಳಕ್ಕೆ ಕತ್ತೂ ಉದ್ದ ಬೇಕು. ಹಳೆಯ ಕಬ್ಬಿಣದ ಸಟ್ಟುಗಗಳ ಉದ್ದ ಕತ್ತಿಗೆ ಕಾರಣ ಅದೇ. ಆ ಒಲೆಗೆ ಇದು ಗಿಡ್ಡ.

ಜಾಲರಿ ಸೌಟು

ಸುತ್ತಳತೆ ಸಾಕಷ್ಟು, ತೂತುಗಳು 4 ಮಿ.ಮೀ., ಎಣ್ಣೆ ಬೇಗ ಸೋರುತ್ತದೆ. ಹಪ್ಪಳ, ಸಂಡಿಗೆ, ಬಾಳೆಕಾಯಿ ಚಿಪ್ಸ್, ಹಲಸಿನ ಉಂಡ್ಲಕಾಳು ಎಲ್ಲಕ್ಕೂ ಸರಿ. ಮುಷ್ಟಿಯ ಹಿಡಿ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಲೆಕ್ಕ ತಕ್ಕಡಿಯದು: ಜಾಲರಿ ತಲೆಯ ತೂಕ 85 ಗ್ರಾಂ, ಅದರಲ್ಲಿ ಎಣ್ಣೆ ಸಮೇತ 150 ಗ್ರಾಂ ಚಿಪ್ಸ್, ಎರಡೂ ಮುಷ್ಟಿಯಿಂದ ಸುಮಾರು 20 ಸೆಂ.ಮೀ. ದೂರ. ಅದನ್ನು ಎತ್ತಿ ಹಿಡಿಯಲು ಮಣಿಕಟ್ಟು ತಡೆಯಬೇಕಾದ ತಿರುಚು, ಮುಷ್ಟಿಯಿಂದ 10 ಸೆಂ.ಮೀ. ದೂರದಲ್ಲಿ ಹೆಚ್ಚುಕಡಿಮೆ ಅರ್ಧ ಕಿಲೋ ತೂಗುಹಾಕಿದಷ್ಟು. ಎಣ್ಣೆ ಸೋರುವ ತನಕ, ಒಂದು ಹತ್ತು ಸೆಕೆಂಡು ಹಾಗೇ ಹಿಡಿಯಬೇಕು. ಸಪೂರ ಹಿಡಿಯಾದರೆ ಜಾರದಂತೆ ತಡೆಯಲೇ ಅರ್ಧ ಬಲ ಹೋಗುತ್ತದೆ. ಇಲ್ಲಿ ಹಾಗಾಗುವುದಿಲ್ಲ.

ದೋಷ ಉದ್ದದಲ್ಲಿದೆ. ಜೋಡಿಸಿದಾಗ ತುದಿಯಿಂದ ಬುಡಕ್ಕೆ 33 ಸೆಂ.ಮೀ.; ಅದರಲ್ಲಿ ಹಿಡಿಗೆ 13 ಹೋದರೆ ಬಾಣಲೆಯಿಂದ ಬೆರಳಿಗೆ ಉಳಿಯುವುದು 20. ಚಿಪ್ಸ್ ಮಾಡುವಾಗ ಉಪ್ಪುನೀರನ್ನು ನೇರ ಕಾದ ಎಣ್ಣೆಗೇ ಹೊಯ್ಯುವ ಕ್ರಮ ಇಲ್ಲಿ ಇದೆಯಲ್ಲ, ಆಗ ನೀರು ಒಮ್ಮೆಗೇ ಆವಿಯಾಗಿ ಎಣ್ಣೆಯನ್ನು ಎಗರಿಸುತ್ತದೆ. ಆ ಹೊತ್ತಿಗೆ 20 ಸೆಂ.ಮೀ. ಸಾಲದು. ಉಪ್ಪುನೀರು ಹಾಕಿದ ಮೇಲೆ ಸದ್ದು ಪೂರ್ತಿ ಇಳಿಯುವ ತನಕ ಕೈ ಹಾಕಬೇಡಿ. ಅಥವಾ ಆ ಕೆಲಸಕ್ಕೆ ಮನೆಯ ಹಳೆಯ ಉದ್ದ ಜಾಲರಿಯೇ ಇರಲಿ. ಕೆಲಸದ ನಡುವೆ ಇದನ್ನು ಬಾಣಲೆಯ ಕಂಠಕ್ಕೆ ಆನಿಸಿ ಇಡುವುದೂ ಬೇಡ. ಕತ್ತು ಬಿಸಿಯಾಗಿ, ಬೀಗದ ಗುಂಡಿ ಪ್ಲಾಸ್ಟಿಕ್ಕಿನದಾದ್ದರಿಂದ ಮೆತ್ತಗಾಗುತ್ತದೆ.

ಹೆರೆಯುವ ನಾಲಗೆ

ಕಾಸರಗೋಡಿನಲ್ಲಿ ಒಂದು ಅಡುಗೆ ಸಾಧನ ಗೆಲ್ಲುವುದೋ ಸೋಲುವುದೋ ತೆಂಗಿನಕಾಯಿಯ ಮುಂದೆ. ತೆಂಗಿನ ಸಂಶೋಧನಾ ಕೇಂದ್ರ 1916ರಿಂದ ಇರುವ ಊರು. ಕಾಯಿ ಇಲ್ಲದ ಕೊದಿಲು (ಸಾಂಬಾರು), ಕಾಯಿ ಇಲ್ಲದ ಮೇಲಾರ (ಮಜ್ಜಿಗೆಹುಳಿ) ಇಲ್ಲಿ ಊಹೆಗೂ ಬರದು. ಹಾಗಾಗಿ ಈ ತಲೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು.

ಹೆರೆಮಣೆಯ ಬುದ್ಧಿ ಎಲ್ಲಿದೆ ನೋಡಿ. ನಾಲಗೆ ಮಣೆಗೆ ಜಡಿದು ನಿಂತಿದೆ, ಮಣೆಯ ಮೇಲೆ ಕೂತವರ ಮೈಭಾರವೇ ಅದಕ್ಕೆ ಆಧಾರ. ಕಡಿಯನ್ನು, ಅಂದರೆ ಒಡೆದ ಕಾಯಿಯ ಹೋಳನ್ನು, ಎರಡೂ ಕೈ ಹಿಡಿದು ತಿರುಗಿಸುತ್ತವೆ, ಒತ್ತುವ ಬಲ ಭುಜದಿಂದ ಬರುತ್ತದೆ. ಅಲಗು ಅಲ್ಲಾಡುವುದಿಲ್ಲ, ಕಾಯಿ ಅಲ್ಲಾಡುತ್ತದೆ. ಕೈಯಲ್ಲಿ ಹಿಡಿಯುವ ನಾಲಗೆಯಲ್ಲಿ ಇದೆಲ್ಲ ತಲೆಕೆಳಗು: ಎಡಗೈ ಕಡಿ ಹಿಡಿಯಬೇಕು, ಬಲಗೈ ಒಂದೇ ಒತ್ತಬೇಕು, ಎಳೆಯಬೇಕು, ಕಡಿಯ ಬಾಗಿಗೆ ತಕ್ಕಂತೆ ತಿರುಚಬೇಕು. ಗಟ್ಟಿ ಬೆಳೆದ ಕಾಯಿಯಲ್ಲಿ ಹತ್ತು ಎಳೆತಕ್ಕೇ ಮುಂಗೈ ಬಿಗಿಯುತ್ತದೆ. ಹೆರೆಮಣೆಯಲ್ಲಿ ಮೂರು ನಾಲ್ಕು ನಿಮಿಷ ಹಿಡಿಯುವ ಒಂದು ಕಾಯಿ ಇದರಲ್ಲಿ ಎಂಟು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಹೆರೆದ ಸುಳಿ ಒರಟು, ಕೊನೆಯಲ್ಲಿ ಗೆರಟೆಯ (ಚಿಪ್ಪಿನ) ಹತ್ತಿರದ ಕಂದು ಸಿಪ್ಪೆಯೂ ಸೇರಿ ಬರುತ್ತದೆ. ಹುರಿದು ಅರೆಯುವ ಕೊದಿಲಿಗೆ ಆ ಕಂದು ತೊಂದರೆಯಲ್ಲ. ಮೇಲಾರದ, ಪಾಯಸದ ಬಿಳುಪು ಕೆಡುತ್ತದೆ.

ಹಾಗಿದ್ದೂ ‘ಸುಮಾರು’ ಎಂದು ಪಾಸು ಮಾಡಿದ್ದೇಕೆಂದರೆ, ಮಣೆಯ ಮೇಲೆ ಕೂರಲಾಗದ ಮೊಣಕಾಲುಗಳು ಪ್ರತಿ ಮನೆಯಲ್ಲೂ ಇವೆ. ಒಂದು ಚಟ್ನಿಗೆ ಬೇಕಾದ ಅರ್ಧ ಕಡಿಗಾಗಿ ಹೆರೆಮಣೆ ಎಳೆಯುವುದು, ತೊಳೆಯುವುದು ಬೇಡವೆನ್ನಿಸುವ ಬೆಳಗುಗಳೂ ಇವೆ. ಅಂಥ ಹೊತ್ತಿಗೆ ಇದು ನಡೆಯುತ್ತದೆ, ಕ್ರಮ ಗೊತ್ತಿದ್ದರೆ. ಒದ್ದೆ ಬಟ್ಟೆಯನ್ನು ಮಡಚಿ ಕಟ್ಟೆಯ ಮೇಲೆ ಹಾಸಿ, ಕಡಿಯ ಬೆನ್ನು ಅದರ ಮೇಲೆ ಕೂರಲಿ. ಅಂಗೈಯಲ್ಲಿ ಎತ್ತಿ ಹಿಡಿಯಬೇಡಿ. ಎಡಗೈ ಬೆರಳುಗಳು ಗೆರಟೆಯ ಹೊರಮೈಯನ್ನು ಕಂಠಕ್ಕಿಂತ ಕೆಳಗೆ ಹಿಡಿಯಬೇಕು, ಅಂಚಿನ ಮೇಲೆ ಬೆರಳು ಹತ್ತಿಸಬಾರದು. ನಾಲಗೆಯನ್ನು ಕಂಠದಿಂದ ಶುರುಮಾಡಿ ತಳದ ಕಡೆಗೆ, ಎಡಗೈಯಿಂದ ದೂರಕ್ಕೆ, ಎರಡು ಸೆಂಟಿಮೀಟರಿನ ಗಿಡ್ಡ ಎಳೆತಗಳಲ್ಲಿ ನಡೆಸಿ, ಪ್ರತಿ ನಾಲ್ಕು ಎಳೆತಕ್ಕೆ ಕಡಿಯನ್ನು ತುಸು ತಿರುಗಿಸಿ. ಫ್ರಿಜ್ಜಿನಿಂದ ತೆಗೆದ ಕಡಿಯಾದರೆ ಐದು ನಿಮಿಷ ಬೆಚ್ಚಗಿನ ನೀರಲ್ಲಿಡಿ. ತಣ್ಣಗಿದ್ದಾಗ ತಿರುಳಿನ ಎಣ್ಣೆ ಗಟ್ಟಿಯಾಗಿದ್ದು ಹಲ್ಲು ಜಾರುತ್ತದೆ. ಎಡಗೈಯವರಿಗೆ ಒಂದು ಮಾತು: ಹಲ್ಲುಗಳನ್ನು ಒಂದೇ ಬದಿಗೆ ಅರೆದಿದ್ದಾರೆ, ನಿಮ್ಮ ಕೈಗೆ ಅದು ಕೆರೆಯುವುದೇ ಇಲ್ಲ.

ಕಡೆಗೋಲಿನ ಬಗ್ಗೆ ಬರೆಯಲು ಹೆಚ್ಚಿಲ್ಲ. ತಂತಿಯ ಬುಟ್ಟಿಯೊಳಗೆ ಅಕ್ಕಿ ಹಿಟ್ಟು ಮುದ್ದೆಯಾಗಿ ಕೂರುತ್ತದೆ, 115 ಗ್ರಾಂ ಹಿಡಿಯನ್ನು ಬೆರಳಲ್ಲಿ ತಿರುಗಿಸುವುದೂ ದಣಿವು. ಮೊಸರಿಗೆ ಮರದ ಕಡೆಗೋಲು, ಹಿಟ್ಟಿಗೆ ಕೈ.

ಎಲ್ಲದರ ಬೇರು: ಜೋಡಣೆ

ತಲೆ ಬದಲಾಯಿಸುವ ಯಾವ ಸಾಧನವಾದರೂ ಕೆಡುವುದು ಜೋಡಣೆಯಲ್ಲಿ. ಇಲ್ಲಿ ಪ್ರತಿ ತಲೆಗೂ ಒಂದು ಚೌಕದ ಕೊಂಬು, ಹಿಡಿಯೊಳಗೆ ಅದಕ್ಕೊಂದು ಕುಳಿ, ಕುಳಿಯ ಬದಿಯಲ್ಲಿ ಸ್ಪ್ರಿಂಗಿನಿಂದ ಒತ್ತುವ ಸಣ್ಣ ಉಕ್ಕಿನ ಗುಂಡು. ಕೊಂಬು ಒಳಗೆ ಕೂರುವ ಆಳ 28 ಮಿ.ಮೀ. ಸುಲಭವಾಗಿ ಒಳಹೋಗಿ ಹೊರಬರಬೇಕಾದರೆ 0.3 ಮಿ.ಮೀ.ನಷ್ಟು ಸಡಿಲ ಬಿಡಲೇಬೇಕು. ಕೇಳಲು ಏನೂ ಅಲ್ಲ. ಆದರೆ 28 ಮಿ.ಮೀ. ಆಳದಲ್ಲಿರುವ 0.3ರ ಸಡಿಲ, 200 ಮಿ.ಮೀ. ಆಚೆಯ ಅಂಚಿನಲ್ಲಿ ಎರಡು ಮಿ.ಮೀ. ದಾಟುತ್ತದೆ. ಸಟ್ಟುಗಕ್ಕೆ, ಜಾಲರಿಗೆ ಇದು ಗೊತ್ತಾಗುವುದಿಲ್ಲ, ಭಾರ ಯಾವಾಗಲೂ ಕೆಳಮುಖ. ಹೆರೆಯುವಾಗ ಬಲ ಹೋಗುತ್ತಾ ಬರುತ್ತಾ ಇರುತ್ತದೆ, ಪ್ರತಿ ಎಳೆತಕ್ಕೂ ಕೊಂಬು ಕುಳಿಯೊಳಗೆ ಕುಟ್ಟುತ್ತದೆ. ಕುಳಿ ನೈಲಾನಿನದು, ಕೊಂಬು ಉಕ್ಕಿನದು; ಯಾವುದು ಸವೆಯುತ್ತದೆ ಎಂದು ಹೇಳಬೇಕಾಗಿಲ್ಲ. ದಿನಾ ಕಾಯಿ ಹೆರೆದರೆ ಸಟ್ಟುಗವೂ ಅಲ್ಲಾಡತೊಡಗುತ್ತದೆ. ಅಂದರೆ ಈ ಪೆಟ್ಟಿಗೆಯಲ್ಲಿ ಒಂದು ತಲೆ ಇನ್ನೊಂದರ ಆಯುಸ್ಸು ತಿನ್ನುತ್ತದೆ.

ಇದನ್ನು ಮಾಡಿದವರು ಕೊಂಬಿನ ಆಳವನ್ನು 55 ಮಿ.ಮೀ.ಗೆ ಏರಿಸಿದ್ದರೆ ಅಲುಗಾಟ ಅರ್ಧಕ್ಕೆ ಇಳಿಯುತ್ತಿತ್ತು. ಹಿಡಿಯ ಉದ್ದ 128, ಜಾಗಕ್ಕೇನೂ ಬರವಿರಲಿಲ್ಲ. ಕುಳಿಗೆ ಒಂದು ಸ್ಟೀಲಿನ ಒಳಗವಸು ಹಾಕಿದ್ದರೆ ಸವೆತವೂ ತಪ್ಪುತ್ತಿತ್ತು. ಐದು ತಲೆಯ ಬದಲು ಮೂರೇ ಕೊಟ್ಟು ಆ ದುಡ್ಡನ್ನು ಇಲ್ಲಿ ಹಾಕಬಹುದಿತ್ತು. ಆದರೆ ಪೆಟ್ಟಿಗೆಯ ಮೇಲೆ ‘ಐದು’ ಎಂದು ಬರೆದಾಗ ಮಾರಾಟವಾಗುವಷ್ಟು ‘55 ಮಿ.ಮೀ.’ ಎಂದು ಬರೆದಾಗ ಆಗುವುದಿಲ್ಲ.

ಸವೆತಕ್ಕಿಂತ ಬೇಗ ಕಾಣುವ ತೊಂದರೆ ಕೊಳೆ. ಕುಳಿಯ ಬಾಯಲ್ಲಿ ರಬ್ಬರ್ ಬಳೆ ಇದೆ, ಆದರೂ ಉದ್ದಿನ ಹಿಟ್ಟಿನ ನೀರು ಒಳಗೆ ಇಳಿಯುತ್ತದೆ. ರಾತ್ರಿ ಹಾಗೇ ಬಿಟ್ಟರೆ ಅಲ್ಲೇ ಹುಳಿ ಬಂದು ಬೆಳಗ್ಗೆ ನಾರುತ್ತದೆ. ಆಷಾಢದ ಮಳೆಯಲ್ಲಿ ಒಣಗುವ ಮಾತೇ ಇಲ್ಲ, ಒಂದು ವಾರದಲ್ಲಿ ಕಪ್ಪು ಬೂಸರು. ಧನುರ್ಮಾಸದಲ್ಲಿ ಇನ್ನೊಂದು ತಮಾಷೆ: ತೆಂಗಿನೆಣ್ಣೆ 24 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ, ಕುಳಿಯೊಳಗೆ ಉಳಿದ ಎಣ್ಣೆ ಬೆಳಗಿನ ಚಳಿಗೆ ಗಟ್ಟಿಯಾಗಿ ಗುಂಡಿ ಒತ್ತಿದರೂ ತಲೆ ಬರುವುದಿಲ್ಲ. ಇಕ್ಕಳ ಹಾಕಿ ಎಳೆಯಬೇಡಿ, ಗುಂಡಿ ಮುರಿಯುತ್ತದೆ. ಕತ್ತನ್ನು ಒಂದು ನಿಮಿಷ ಬಿಸಿನೀರಲ್ಲಿ ಹಿಡಿದರೆ ತಾನೇ ಬಿಡುತ್ತದೆ.

ಆದ್ದರಿಂದ ಕೆಲಸ ಮುಗಿದ ಕೂಡಲೇ ತಲೆ ಕಳಚಬೇಕು. ಕುಳಿಗೆ ಬಿಸಿನೀರು, ಒಂದು ತೊಟ್ಟು ಪಾತ್ರೆ ಸೋಪು ಹಾಕಿ ಬಾಟಲಿ ತೊಳೆಯುವ ಸಣ್ಣ ಬ್ರಷ್ಷಿನಿಂದ ನಾಲ್ಕು ಸಲ ತಿಕ್ಕಿ, ಕುಲುಕಿ ಚೆಲ್ಲಿ, ಬಾಯಿ ಕೆಳಗೆ ಮಾಡಿ ತೂಗುಹಾಕಿ. ಹಿಡಿಯ ಬುಡದ ತೂತು ನೇತುಹಾಕಲೆಂದೇ ಇದೆ, ಹಾಗೆ ತೂಗಿದಾಗ ಕುಳಿಯ ಬಾಯಿ ಕೆಳಗೇ ಬರುತ್ತದೆ. ಈ ಒಂದು ಜಾಣತನಕ್ಕೆ ಅಂಕ ಕೊಡಬೇಕು. ತಿಂಗಳಿಗೊಮ್ಮೆ ರಬ್ಬರ್ ಬಳೆಯನ್ನು ಹಲ್ಲುಕಡ್ಡಿಯಿಂದ ಎಬ್ಬಿಸಿ ತೊಳೆದು ಮತ್ತೆ ಕೂರಿಸಿ. ಸ್ಪ್ರಿಂಗಿಗೆ ಎಣ್ಣೆ ಬಿಡುವ ಆಸೆ ಬೇಡ, ಅದು ಹಿಟ್ಟನ್ನು ಹಿಡಿದಿಡುವ ಗೋಂದಾಗುತ್ತದೆ.

ಸ್ಟೀಲು, ಮೇಣ, ಉಪ್ಪು

ಹಿಡಿಯ ಕಪ್ಪು ಮೆತ್ತನೆ ಹೊದಿಕೆ ಸಿಲಿಕೋನ್ ಅಲ್ಲ, ಬೆಚ್ಚಗೆ ಮಾಡಿದರೆ ಮೆತ್ತಗಾಗುವ ರಬ್ಬರಿನಂಥ ಪ್ಲಾಸ್ಟಿಕ್. ಈ ಜಾತಿಯದು ಎಣ್ಣೆಯನ್ನು ಹೀರಿ ಉಬ್ಬುತ್ತದೆ, ಕಾಲ ಕಳೆದಂತೆ ಅಂಟಂಟಾಗುತ್ತದೆ. ಎಣ್ಣೆ ಕೈಯಲ್ಲಿ ಹಿಡಿದ ಮೇಲೆ ಒರೆಸಿ ಬಿಟ್ಟರೆ ಸಾಲದು, ಸೋಪಿನಲ್ಲೇ ತೊಳೆಯಬೇಕು. ನಿಜವಾದ ಸಿಲಿಕೋನ್ 200 ಡಿಗ್ರಿಯನ್ನೂ ತಡೆಯುತ್ತದೆ. ಇದು ಕುದಿನೀರಿಗಿಂತ ಸ್ವಲ್ಪ ಮೇಲಿನ ಬಿಸಿಗೇ ಸೋಲುತ್ತದೆ.

ಲೋಹದ ಬಗ್ಗೆ ಚೀಟಿಯಲ್ಲಿ ‘ಸ್ಟೇನ್‌ಲೆಸ್ ಸ್ಟೀಲ್’ ಎಂದಷ್ಟೇ ಇದೆ, ನಂಬರಿಲ್ಲ. ಅಯಸ್ಕಾಂತ ಹಿಡಿದು ನೋಡುವ ಅಭ್ಯಾಸ ಅನೇಕರಿಗಿದೆ, ಆದರೆ ಅದು ಅರ್ಧ ಪರೀಕ್ಷೆ ಮಾತ್ರ. 304 ನಂಬರಿನ ಸ್ಟೀಲಿನಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್. ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಿಕ್ಕಲ್ ಉಳಿಸಲು ಮ್ಯಾಂಗನೀಸ್ ತುಂಬಿದ ಅಗ್ಗದ 202 ಕೂಡ ಅಂಟುವುದಿಲ್ಲ. ಎರಡರ ವ್ಯತ್ಯಾಸ ಉಪ್ಪು ಹುಳಿಯ ಮುಂದೆ ಮಾತ್ರ ಗೊತ್ತಾಗುವುದು. ಈ ಪೆಟ್ಟಿಗೆಯಲ್ಲಿ ಸಟ್ಟುಗ, ಜಾಲರಿ ಅಂಟುವುದಿಲ್ಲ. ಹೆರೆಯುವ ನಾಲಗೆ, ಸಿಪ್ಪೆ ಅಲಗು ಗಟ್ಟಿಯಾಗಿ ಅಂಟುತ್ತವೆ. ಅದು ಮೋಸವಲ್ಲ. ಹಲ್ಲು ಹರಿತವಾಗಿ ಉಳಿಯಬೇಕಾದರೆ ಕಾಯಿಸಿ ಗಡುಸು ಮಾಡಬಲ್ಲ ಸ್ಟೀಲೇ ಬೇಕು, ಆ ಜಾತಿ ಅಯಸ್ಕಾಂತಕ್ಕೆ ಅಂಟುತ್ತದೆ, ತುಕ್ಕಿಗೂ ಬೇಗ ಒಲಿಯುತ್ತದೆ. ತೊಳೆದ ಮೇಲೆ ಒರೆಸಲೇಬೇಕು.

ಯಾವ ನಂಬರಿನ ಸ್ಟೀಲಾದರೂ ಉಪ್ಪುಸೊಳೆಯ (ಉಪ್ಪಿನಲ್ಲಿಟ್ಟ ಹಲಸಿನ ತೊಳೆಯ) ಭರಣಿಯಲ್ಲಿ ಬಿಟ್ಟು ಮರೆಯಬಾರದು. ನಿಂತ ಉಪ್ಪುನೀರು ಸ್ಟೀಲಿನ ಮೇಲಿನ ಕಾಣದ ರಕ್ಷಾಪದರವನ್ನು ಅಲ್ಲಲ್ಲಿ ಒಡೆದು ಸೂಜಿಮೊನೆಯಂಥ ಕುಳಿಗಳನ್ನು ಮಾಡುತ್ತದೆ. ಮೇಲಿಂದ ಚುಕ್ಕಿ, ಒಳಗೆ ಗುಳಿ. ಸೊಳೆ ಎತ್ತಲು, ಪುನರ್ಪುಳಿ ಸಾರು ತಿರುಗಿಸಲು ಗೆರಟೆ ಸೌಟಿನಷ್ಟು ನಿಶ್ಚಿಂತೆಯ ವಸ್ತು ಇನ್ನೂ ಹುಟ್ಟಿಲ್ಲ. ಹುಳಿಗೆ ಜಗ್ಗದು, ಕೈಗೆ ಬಿಸಿ ಏರಿಸದು, ಬೆಲೆಯೂ ಈ ಪೆಟ್ಟಿಗೆಗಿಂತ ಎಷ್ಟೋ ಕಡಿಮೆ.

ಗುಜ್ಜೆ (ಎಳೆ ಹಲಸು), ಬಾಳೆಕಾಯಿಯ ಮೇಣ ಕೊಂಬಿಗೆ ತಾಗಿದರೆ ಕುಳಿಯೊಳಗೆ ಹೋಗಿ ತಲೆಯನ್ನೇ ಅಂಟಿಸಿಬಿಡುತ್ತದೆ. ಮೇಣ ನೀರಲ್ಲಿ ಕರಗುವುದಿಲ್ಲ, ಸೋಪಿಗೂ ಬಗ್ಗುವುದಿಲ್ಲ. ಮೊದಲೇ ಅಲಗಿಗೆ ತೆಂಗಿನೆಣ್ಣೆ ಸವರಿ. ಆಮೇಲೂ ಉಳಿದರೆ ಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಕೊನೆಗೆ ಬಿಸಿನೀರು ಸೋಪು. ಮೆಟ್ಟುಕತ್ತಿಗೆ (ಈಳಿಗೆಮಣೆಗೆ) ಮಾಡುವುದೂ ಇದನ್ನೇ. ಅಲ್ಲಿ ಜೋಡಣೆಯ ಕುಳಿ ಇಲ್ಲ ಎಂಬುದೊಂದೇ ಸುಖ.

ಕೊಳ್ಳುವವರು ಅಂಗಡಿಯಲ್ಲೇ ಪೆಟ್ಟಿಗೆ ತೆರೆಸಿ. ಸಟ್ಟುಗವನ್ನು ಜೋಡಿಸಿ, ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಅಲಗಿನ ತುದಿ ಹಿಡಿದು ತಿರುಚಿ. ಅಂಚು ಅಕ್ಕಿಕಾಳಿನ ದಪ್ಪಕ್ಕಿಂತ ಹೆಚ್ಚು ಅಲ್ಲಾಡಿದರೆ ಬೇರೆ ಪೆಟ್ಟಿಗೆ ಕೇಳಿ. ಒಂದೇ ಅಚ್ಚಿನದಾದರೂ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಇದು ಬದಲಾಗುತ್ತದೆ. ಅಂಗೈಗೆ ಎರಡು ತೊಟ್ಟು ನೀರು ಹಾಕಿ ಹಿಡಿದು, ಜಾಲರಿಯನ್ನು ಎತ್ತಿ ಅಲ್ಲಾಡಿಸಿ ಜಾರುತ್ತದೋ ನೋಡಿ, ಅಂಗಡಿಯವರು ನಕ್ಕರೆ ನಗಲಿ. ಗುಂಡಿಯನ್ನು ಹೆಬ್ಬೆರಳಿನಿಂದಲೇ ಒತ್ತಲಾಗಬೇಕು. ಎರಡು ಕೈ ಬೇಕಾದರೆ ಕೈಗಂಟು ನೋಯುವವರಿಗೆ ಕೊಡುವ ಯೋಚನೆ ಬಿಡಿ. ಬಿಡಿ ತಲೆಗಳನ್ನು ಮಾರುವುದಿಲ್ಲ, ಬಿಡಿ ಹಿಡಿಯೂ ಸಿಗುವುದಿಲ್ಲ, ಆದ್ದರಿಂದ ಕುಳಿ ಸವೆದ ದಿನ ಐದೂ ತಲೆ ಒಟ್ಟಿಗೇ ಗುಜರಿಗೆ. 700 ರೂಪಾಯಿಗೆ ಸಿಕ್ಕಿದರೆ, ಸಟ್ಟುಗ ಮತ್ತು ಜಾಲರಿಗಾಗಿ, ಹೆರೆಯುವ ನಾಲಗೆಯನ್ನು ವಾರಕ್ಕೊಂದು ಅರ್ಧ ಕಡಿಗೆ ಮೀಸಲಿಟ್ಟು ತೆಗೆದುಕೊಳ್ಳಬಹುದು. 900 ಕೇಳಿದರೆ ಅದೇ ದುಡ್ಡಿಗೆ ಮರದ ಹಿಡಿಯ ಒಂದು ಒಳ್ಳೆಯ ಸಟ್ಟುಗವೂ, ಉದ್ದ ಕತ್ತಿನ ಜಾಲರಿಯೂ ಬಂದು, ಹೆರೆಮಣೆಯ ನಾಲಗೆಗೆ ಹೊಸ ಹಲ್ಲು ಹಾಕಿಸಲು ಚಿಲ್ಲರೆ ಉಳಿಯುತ್ತದೆ.